ಎದೆಯ ಚಿತ್ರದ ಅಂಕಿಗಳು

ಕ್ಷ-ಕಿರಣದ ಚಿತ್ರವೆಂದರೆ ವೈದ್ಯರ ಸೊತ್ತು, ಕಲಾ ವಿಭಾಗದ ವಿದ್ಯಾರ್ಥಿಗೆ ಅದರ ಗೊಡವೆಯೇಕೆ ಎಂದು ಮಿತ್ರರು ಕೇಳುವುದುಂಟು. ಬೇರೆ ಊರಿನವರು ಕೇಳಿದರೆ ಒಪ್ಪಬಹುದು. ಮೈಸೂರು ಮೈನ್ಸಿನವರೇ ಕೇಳುವುದು ಸೋಜಿಗ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, ೧೯೪೭ರಲ್ಲಿ, ಎಂದು ವೈದ್ಯರ ಪಠ್ಯಪುಸ್ತಕಗಳೇ ಹೇಳುತ್ತವೆ. ಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಧೂಳು ಒಳಹೊಕ್ಕು ಶ್ವಾಸಕೋಶದಲ್ಲಿ ಗಂಟುಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಲ್ಲುದು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಲೈನುಗಳಲ್ಲಿ ಕೆಮ್ಮು ನಿಂತಿತೇ?

ಈ ರೋಗದ ಗುರುತು ಎದೆಯ ಚಿತ್ರದಲ್ಲಿ ಸಣ್ಣ ಸಣ್ಣ ಚುಕ್ಕಿಗಳಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವರ್ಗೀಕರಣದಲ್ಲಿ ಅತಿ ಸಣ್ಣ ದುಂಡು ಚುಕ್ಕಿಯ ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರಿನೊಳಗೆ. ಹಿಂದೆ ಇದು ಫಿಲ್ಮಿನ ಮೇಲಿತ್ತು. ಈಗಿನ ಚಿತ್ರವಾದರೋ ಬರಿಯ ಅಂಕಿಗಳ ಸಾಲು.

ಜಪಾನಿನ ರೇಡಿಯಾಲಜಿ ತಂತ್ರಜ್ಞಾನದ ಸಂಘವೊಂದು ೨೪೭ ಎದೆಯ ಚಿತ್ರಗಳನ್ನು ಅಭ್ಯಾಸಕ್ಕೆಂದು ಲೋಕಕ್ಕೆ ಬಿಟ್ಟುಕೊಟ್ಟಿದೆ. ಅವು ತಲೆಬರಹವಿಲ್ಲದ ಹಸಿ ಅಂಕಿಗಳು. ಉದ್ದಗಲವೆಷ್ಟೆಂದು ಕಡತ ತಾನಾಗಿ ಹೇಳದು. ಜೊತೆಗಿನ ವಿವರಣೆಯಿಂದ ತಿಳಿಯಬೇಕು. ೨೦೪೮ ಸಾಲು, ಸಾಲಿಗೆ ೨೦೪೮ ಬಿಂದು, ಬಿಂದುವಿಗೆ ಎರಡು ಬೈಟು, ಗುಣಿಸಿದರೆ ೮೩,೮೮,೬೦೮. ಕಡತದ ಗಾತ್ರ ಇದಕ್ಕೆ ತಾಳೆಯಾಗದಿದ್ದರೆ ಮುಂದೆ ಹೋಗಬಾರದು. ಇನ್ನೊಂದು ತೊಡಕುಂಟು. ಈ ಎರಡು ಬೈಟುಗಳಲ್ಲಿ ದೊಡ್ಡ ಸ್ಥಾನದ್ದು ಮೊದಲು ಬರುತ್ತದೆ. ನಾವು ಬಳಸುವ ಗಣಕಗಳ ರೂಢಿ ಇದಕ್ಕೆ ತದ್ವಿರುದ್ಧ. ಪೈಥಾನಿಗೆ ಅದನ್ನು ತಿಳಿಸದೆ ಓದಿಸಿದರೆ ಕಾಣುವುದು ಎದೆಯಲ್ಲ, ಕಲಸುಮೇಲೋಗರ. ತಿಳಿಸಿದಿರೋ, ನಂಪೈಯ ಫ್ರಮ್‌ಫೈಲ್ ಅಂಕಿಗಳನ್ನು ತರುತ್ತದೆ, ರೀಶೇಪ್ ಸಾಲುಗೂಡಿಸುತ್ತದೆ, ಮ್ಯಾಟ್‌ಪ್ಲಾಟ್‌ಲಿಬ್‌ನ ಇಮ್‌ಶೋ ಪರದೆಯ ಮೇಲೆ ಪಕ್ಕೆಲುಬುಗಳನ್ನು ಮೂಡಿಸುತ್ತದೆ. ಮೂಳೆ ಕಪ್ಪಾಗಿ ಕಂಡರೆ ೪೦೯೫ರಿಂದ ಪ್ರತಿಯೊಂದು ಅಂಕಿಯನ್ನೂ ಕಳೆದರಾಯಿತು. ಪೈಥಾನಿಗೆ ಕಾಸು ಕೊಡಬೇಕಾಗಿಲ್ಲ. ಹತ್ತಿಪ್ಪತ್ತು ಇಂಗ್ಲಿಷ್ ಪದಗಳಿಗೆ ಹೆದರದಿದ್ದರೆ ಸಾಕು. ಅಪ್ಪ ಅಮ್ಮ ಶಾಲೆ ಕಾಣದ ಮನೆಯಿಂದ ಬಂದವರಿಗೂ ಇದು ಸಾಧ್ಯವೆಂದು ಅನುಭವದಿಂದಲೇ ಹೇಳುತ್ತೇನೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಈ ಚಿತ್ರಗಳಲ್ಲಿ ಒಂದು ಬಿಂದುವಿನ ಅಳತೆ ೦.೧೭೫ ಮಿಲಿಮೀಟರು. ಒಂದೂವರೆ ಮಿಲಿಮೀಟರಿನ ಚುಕ್ಕಿಗೆ ಅಡ್ಡಲಾಗಿ ಎಂಟು ಬಿಂದುಗಳು ದೊರೆಯುತ್ತವೆ. ಅದೇ ಚಿತ್ರವನ್ನು ಸಾಲಿಗೆ ೨೫೬ ಬಿಂದುಗಳಿಗೆ ಕುಗ್ಗಿಸಿದರೆ ಚುಕ್ಕಿಗೆ ಉಳಿಯುವುದು ಒಂದೇ ಬಿಂದು! ಛಾಯೆಗಳೂ ಹಾಗೆಯೇ, ೪೦೯೬ ಇದ್ದದ್ದು ಸಾಮಾನ್ಯ ಫೋಟೋದಲ್ಲಿ ೨೫೬ಕ್ಕೆ ಇಳಿಯುತ್ತದೆ. ಹೀಗಿರುವಾಗ ಪರದೆಯ ಮೇಲಿನ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದು, ಇದೇ ನಿಮ್ಮ ಎಕ್ಸ್‌ರೇ ಎಂದು ಮುದುಕರ ಕೈಗೆ ಕೊಡುವುದು ನ್ಯಾಯವೇ? ಪರಿಹಾರ ಕೇಳಹೊರಟವನಿಗೆ ಆ ಚುಕ್ಕಿಯೇ ಸಾಕ್ಷಿ. ಆದ್ದರಿಂದ ಗಣಿ ಕಾರ್ಮಿಕರ ಮನೆಯವರು ಡೈಕಾಮ್ ಕಡತವನ್ನೇ ಕೇಳಿ ಪಡೆಯಬೇಕು. ಅದರಲ್ಲಿ ಉದ್ದಗಲ, ಬೈಟಿನ ಕ್ರಮ ಎಲ್ಲವೂ ತಲೆಬರಹದಲ್ಲೇ ಇರುತ್ತವೆ; ಪೈಡೈಕಾಮ್ ಅದನ್ನು ಓದುತ್ತದೆ. ರೋಗಿಯ ಹೆಸರೂ ಅಲ್ಲಿರುವುದರಿಂದ ಇತರರಿಗೆ ತೋರಿಸುವ ಮುನ್ನ ಅಳಿಸುವುದು ಮರ್ಯಾದೆ.

ನೀವೇನು ವೈದ್ಯರಾಗಹೊರಟಿರಾ ಎಂದು ಹಾಸ್ಯ ಮಾಡುವವರಿದ್ದಾರೆ. ರೋಗನಿರ್ಣಯ ವೈದ್ಯರದೇ, ಅದರಲ್ಲಿ ಎರಡು ಮಾತಿಲ್ಲ. ಅವರ ಮುಂದೆ ಹೋಗುವ ಚಿತ್ರ ಪೂರ್ತಿಯಾಗಿದೆಯೇ ಎಂದು ನೋಡುವ ಕೆಲಸವನ್ನಾದರೂ ನಾವು ಮಾಡಬಹುದಲ್ಲ? ಶನಿವಾರ ಮಧ್ಯಾಹ್ನ ಕಾಲೇಜಿನ ಗಣಕ ಕೊಠಡಿ ಖಾಲಿಯಿರುತ್ತದೆ. ಪ್ರಾಂಶುಪಾಲರು ಎರಡು ಗಂಟೆ ಬೀಗ ತೆಗೆಸಿಕೊಟ್ಟರೆ, ಜಪಾನಿನ ಚಿತ್ರಗಳಿಂದಲೇ ಆರಂಭಿಸೋಣ.