ಚಪ್ಪಾಳೆಯೇ ಬೇರೆ, ಮತವೇ ಬೇರೆ

1997ರ ಜುಲೈ 13. ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸುಮಾರು 1,31,000 ಜನ ಕಿಕ್ಕಿರಿದು ಕುಳಿತಿದ್ದರು. ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕೆ ಎದುರಾಳಿ ಮೋಹನ್ ಬಾಗನ್. ಅಂದು ಇಪ್ಪತ್ತು ವರ್ಷದ ಹುಡುಗನೊಬ್ಬ ಮೂರು ಗೋಲು ಹೊಡೆದ. ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಆ ಹುಡುಗನೇ ಸಿಕ್ಕಿಂನ ಬೈಚುಂಗ್ ಭುಟಿಯಾ.

ದಕ್ಷಿಣ ಸಿಕ್ಕಿಂನ ತಿಂಕಿತಾಮ್ ಎಂಬ ಹಳ್ಳಿಯ ರೈತ ಕುಟುಂಬ ಅವರದು. ಮಗ ಆಟದ ಹಿಂದೆ ಬಿದ್ದದ್ದು ಹೆತ್ತವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಆದರೆ ಒಂಬತ್ತನೆಯ ವಯಸ್ಸಿಗೇ ಭಾರತೀಯ ಕ್ರೀಡಾ ಪ್ರಾಧಿಕಾರದ ವಿದ್ಯಾರ್ಥಿವೇತನ ದೊರಕಿ, ಹುಡುಗ ಗ್ಯಾಂಗ್‌ಟಕ್‌ನ ಶಾಲೆ ಸೇರಿದ. 1992ರ ಸುಬ್ರತೋ ಕಪ್‌ನಲ್ಲಿ ಉತ್ತಮ ಆಟಗಾರನೆನಿಸಿ, ಮರುವರ್ಷವೇ ಈಸ್ಟ್ ಬೆಂಗಾಲ್ ಸೇರಿದ. 1999ರಲ್ಲಿ ಇಂಗ್ಲೆಂಡಿನ ‘ಬೆರಿ’ ಕ್ಲಬ್ಬಿನೊಡನೆ ಒಪ್ಪಂದವಾಯಿತು. ಮುಂದೆ ಭಾರತ ತಂಡದ ನಾಯಕತ್ವ, 2008ರಲ್ಲಿ ಪದ್ಮಶ್ರೀ. 2011ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲಿಗೆ ವಿದಾಯ.

ಇಷ್ಟು ಹೆಸರು ಮಾಡಿದವರಿಗೆ ಚುನಾವಣೆ ಗೆಲ್ಲುವುದು ಎಷ್ಟರ ಮಾತು ಎಂದು ಯಾರಿಗಾದರೂ ಅನಿಸೀತು. ಆದರೆ ನಡೆದದ್ದೇ ಬೇರೆ.

2014ರ ಲೋಕಸಭಾ ಚುನಾವಣೆಯಲ್ಲಿ ಭುಟಿಯಾ ತೃಣಮೂಲ ಕಾಂಗ್ರೆಸ್ಸಿನಿಂದ ಡಾರ್ಜಿಲಿಂಗ್‌ನಲ್ಲಿ ಸ್ಪರ್ಧಿಸಿದರು. ಆಗ ಆ ಬೆಟ್ಟದ ಊರುಗಳಲ್ಲಿ ಜನರ ಮನಸ್ಸನ್ನು ತುಂಬಿದ್ದದ್ದು ಪ್ರತ್ಯೇಕ ಗೂರ್ಖಾಲ್ಯಾಂಡ್ ರಾಜ್ಯದ ಪ್ರಶ್ನೆ. ಅವರ ಪಕ್ಷ ಆ ಬೇಡಿಕೆಗೆ ವಿರೋಧಿ. ಬೇಡಿಕೆಯ ಪರ ಹೋರಾಡುತ್ತಿದ್ದ ಗೂರ್ಖಾ ಜನಮುಕ್ತಿ ಮೋರ್ಚಾ ಬಿಜೆಪಿಯ ಬೆಂಬಲಕ್ಕಿತ್ತು. ಗೋಲಿನ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

2016ರಲ್ಲಿ ಸಿಲಿಗುರಿ ವಿಧಾನಸಭಾ ಕ್ಷೇತ್ರ. ಎದುರಾಳಿ ಸಿಪಿಎಂನ ಅಶೋಕ್ ಭಟ್ಟಾಚಾರ್ಯ. ಹಿಂದೆ ದೀರ್ಘಕಾಲ ಅದೇ ಊರಿನ ಶಾಸಕರಾಗಿದ್ದವರು, ಮಂತ್ರಿಯಾಗಿದ್ದವರು, ಆ ಹೊತ್ತಿಗೆ ಸಿಲಿಗುರಿಯ ಮೇಯರ್ ಕೂಡ. ಒಬ್ಬರನ್ನು ದೇಶವೇ ಬಲ್ಲದು. ಇನ್ನೊಬ್ಬರನ್ನು ಊರಿನ ಬೀದಿಬೀದಿ ಬಲ್ಲದು. ಊರು ತಾನು ಬಲ್ಲವರನ್ನೇ ಆರಿಸಿತು.

2018ರಲ್ಲಿ ಭುಟಿಯಾ ಆ ಪಕ್ಷ ಬಿಟ್ಟು ತವರಿಗೆ ಮರಳಿದರು. ‘ಹಮ್ರೋ ಸಿಕ್ಕಿಂ’, ಅಂದರೆ ‘ನಮ್ಮ ಸಿಕ್ಕಿಂ’ ಎಂಬ ಪಕ್ಷದ ಸ್ಥಾಪನೆಯಲ್ಲಿ ಪಾಲುಗೊಂಡರು. 2019ರ ವಿಧಾನಸಭಾ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಲ್ಲಿ ನಿಂತು ಎರಡರಲ್ಲೂ ಸೋತರು. ಅದೇ ವರ್ಷ ಗ್ಯಾಂಗ್‌ಟಕ್ ಉಪಚುನಾವಣೆಯಲ್ಲೂ ಸೋಲು. ಬಳಿಕ ತಮ್ಮ ಪಕ್ಷವನ್ನು ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್‌ನಲ್ಲಿ ವಿಲೀನಗೊಳಿಸಿ, 2024ರಲ್ಲಿ ಬರ್ಫುಂಗ್ ಕ್ಷೇತ್ರದಿಂದ ಕಣಕ್ಕಿಳಿದರು. ಆ ಬಾರಿ ಎದುರು ಪಕ್ಷ 32 ಸ್ಥಾನಗಳಲ್ಲಿ 31ನ್ನು ಬಾಚಿಕೊಂಡಿತು. ಇಪ್ಪತ್ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮುಖ್ಯಮಂತ್ರಿಯಾಗಿದ್ದ ಪವನ್ ಕುಮಾರ್ ಚಾಮ್ಲಿಂಗರೇ ಎರಡೂ ಕಡೆ ಸೋತ ಚುನಾವಣೆ ಅದು. ಭುಟಿಯಾ ಅವರೂ ಸೋತರು. ಹತ್ತು ವರ್ಷಗಳಲ್ಲಿ ಆರು ಸೋಲು!

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. 2011ರ ಜನಗಣತಿಯಂತೆ ಸಿಕ್ಕಿಂನ ಜನಸಂಖ್ಯೆ ಸುಮಾರು 6,10,000. ಅದನ್ನು 32 ಸ್ಥಾನಗಳಿಂದ ಭಾಗಿಸಿದರೆ ಸ್ಥಾನವೊಂದಕ್ಕೆ ಸರಾಸರಿ 19,000 ಜನ, ಮಕ್ಕಳೂ ಸೇರಿ. ಅಂದರೆ 1997ರ ಆ ಒಂದು ದಿನ ಅವರ ಆಟ ನೋಡಲು ಬಂದವರು ಸರಿಸುಮಾರು ಏಳು ಕ್ಷೇತ್ರಗಳ ಜನಕ್ಕೆ ಸಮ. ಅಷ್ಟು ಜನರನ್ನು ಒಂದೂವರೆ ಗಂಟೆಯಲ್ಲಿ ಗೆದ್ದವರಿಗೆ ಒಂದು ಕ್ಷೇತ್ರ ಹತ್ತು ವರ್ಷವಾದರೂ ಒಲಿಯಲಿಲ್ಲ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಆಟ ನೋಡುವವನಿಗೆ ಬೇಕಾದದ್ದು ಗೋಲು. ಅದು ಕಣ್ಣೆದುರೇ ಸಿಗುತ್ತದೆ. ಮತ ಹಾಕುವವನು ಕೇಳುವುದು ನಾಳೆಯ ರಸ್ತೆ, ನೀರು, ಮಗನ ಕೆಲಸ. ಕಷ್ಟದ ಹೊತ್ತಿಗೆ ಈತ ಸಿಗುತ್ತಾನೆಯೇ, ಈತನ ಪಕ್ಷಕ್ಕೆ ಏನಾದರೂ ಮಾಡುವ ಬಲವಿದೆಯೇ ಎಂದೂ ಅಳೆದು ನೋಡುತ್ತಾನೆ. ಚಪ್ಪಾಳೆ ತಟ್ಟಿದ ಕೈಯೇ ಮತಯಂತ್ರದ ಗುಂಡಿ ಒತ್ತಬಹುದು. ಆದರೆ ಒತ್ತುವ ಮುನ್ನ ಅದು ಬೇರೆ ಲೆಕ್ಕ ಹಾಕಿರುತ್ತದೆ. ಮತದಾರನ ಈ ವಿವೇಚನೆ ಪ್ರಜಾಪ್ರಭುತ್ವಕ್ಕೆ ಒಳ್ಳೆಯದೇ.

ತಮ್ಮದೇ ಕ್ಷೇತ್ರವೆಂದುಕೊಂಡಲ್ಲೂ ಈ ಮಾತು ಸುಳ್ಳಾಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಧ್ಯಕ್ಷ ಸ್ಥಾನಕ್ಕೆ ಅವರು ಸ್ಪರ್ಧಿಸಿದಾಗ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆಗೆ 33 ಮತ, ಭುಟಿಯಾಗೆ ಒಂದೇ ಒಂದು. ಚೌಬೆಯವರಾದರೂ 2019ರಲ್ಲಿ ಕೃಷ್ಣನಗರದಿಂದ ಲೋಕಸಭೆಗೆ ನಿಂತು ಸೋತವರೇ.

ಹಾಗಾದರೆ ಭುಟಿಯಾ ಅವರ ಬದುಕು ಸೋಲಿನ ಕತೆಯೇ? ಅಲ್ಲ. ಫಲಿತಾಂಶವನ್ನು ಒಪ್ಪಿಕೊಂಡು, ಗೆದ್ದವರನ್ನು ಅಭಿನಂದಿಸಿ, 2024ರ ಜೂನ್‌ನಲ್ಲಿ ಅವರು ಚುನಾವಣಾ ರಾಜಕೀಯ ತಮಗೆ ಹೇಳಿಸಿದ್ದಲ್ಲವೆಂದು ಹಿಂದೆ ಸರಿದರು. 2010ರಲ್ಲಿ ಅವರ ಹೆಸರಿನಲ್ಲಿ ಆರಂಭವಾದ ಫುಟ್‌ಬಾಲ್ ಶಾಲೆಗಳನ್ನಾಗಲಿ, 1997ರ ಆ ಮೂರು ಗೋಲುಗಳನ್ನಾಗಲಿ ಯಾವ ಮತ ಎಣಿಕೆಯೂ ಅಳಿಸಲಾರದು.

ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ ಭಾಷೆಯ ಪರೀಕ್ಷೆಗೂ ಓದಲೇಬೇಕು. ಗಣಿತದ ಅಂಕ ಅಲ್ಲಿಗೆ ಬಾರದು. ಹಾಗೆಯೇ ಭಾಷೆಯಲ್ಲಿ ಅಂಕ ಕಡಿಮೆಯಾದರೆ ಗಣಿತದ ನೂರು ಎಲ್ಲಿಗೂ ಓಡಿಹೋಗದು. ಮೊದಲನೆಯದನ್ನು ಮಕ್ಕಳು ನೆನಪಿಡಬೇಕು. ಎರಡನೆಯದನ್ನು, ಫಲಿತಾಂಶದ ಪಟ್ಟಿ ಕೈಗೆ ಬಂದ ದಿನ, ತಂದೆತಾಯಂದಿರು ನೆನಪಿಟ್ಟರೆ ಸಾಕು.