ಕ್ಯಾರವಾನ್ ಬಂದು ಹೋಯಿತು, ಟ್ಯಾಂಕ್ ಎಲ್ಲಿ ಖಾಲಿಯಾಯಿತು?

ಮರವಂತೆಯ ಕಡಲ ಬದಿಗೆ ಒಂದು ಕ್ಯಾರವಾನ್ ಬಂದು ನಿಂತರೆ ಸಾಕು, ಸಂಜೆಯೊಳಗೆ ಅದರ ವಿಡಿಯೋ ನಮ್ಮ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿರುತ್ತದೆ. ಒಳಗೆ ಮಂಚ, ಒಲೆ, ಫ್ರಿಜ್ಜು, ಮೇಲೆ ಸೋಲಾರ್ ಹಲಗೆ. ಹಿಂಬಾಗಿಲು ತೆಗೆದರೆ ಎದುರಿಗೇ ಸಮುದ್ರ. ನಮ್ಮೂರು ಫೇಮಸ್ ಆಯ್ತು ಮಾರಾಯ್ರೆ ಎಂದು ಒಬ್ಬರು ಬರೆಯುತ್ತಾರೆ, ಹಿಂದೆಯೇ ಹತ್ತು ಹೆಬ್ಬೆಟ್ಟು ಬೀಳುತ್ತವೆ.

ಪತ್ರಿಕೆಗಳಿಗೂ ಇದು ಹಬ್ಬ. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಬೀಗ ಬಿದ್ದಿದೆ ಎಂದು ನಾವು ಸ್ಟ್ರಿಂಗರ್‌ಗಳು ಕಳಿಸಿದ ಸುದ್ದಿ ಒಳಪುಟದ ಮೂಲೆಗೂ ಹೋಗುವುದಿಲ್ಲ. ಕ್ಯಾರವಾನ್ ಫೋಟೋ ಇದೆಯಾ ಎಂದು ಡೆಸ್ಕಿನವರೇ ಫೋನ್ ಮಾಡಿ ಕೇಳುತ್ತಾರೆ. ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ನಾವು ಫೋಟೋ ಕಳಿಸುತ್ತೇವೆ. ಬೀಗದ ಸುದ್ದಿಯನ್ನು ಇಲ್ಲಿ ಬರೆಯುತ್ತೇವೆ.

ಆ ವಿಡಿಯೋಗಳಲ್ಲಿ ಎಲ್ಲವನ್ನೂ ತೋರಿಸುತ್ತಾರೆ, ಒಂದನ್ನು ಬಿಟ್ಟು. ಗಾಡಿಯೊಳಗೆ ಕಕ್ಕಸು ಇದೆಯಲ್ಲ, ಅದು ತುಂಬಿದ ಮೇಲೆ ಎಲ್ಲಿ ಸುರಿಯುತ್ತಾರೆ?

ಕ್ಯಾರವಾನ್ ನೋಡದವರಿಗೆ ಸ್ವಲ್ಪ ವಿವರಿಸಬೇಕು. ಹೆಚ್ಚಿನ ಗಾಡಿಗಳಲ್ಲಿ ಮೂರು ಲೆಕ್ಕ ಇರುತ್ತದೆ. ಒಂದು, ಒಳ್ಳೆಯ ನೀರಿನ ಟ್ಯಾಂಕ್. ಎರಡು, ಪಾತ್ರೆ ತೊಳೆದ, ಸ್ನಾನ ಮಾಡಿದ ಸೋಪಿನ ನೀರು ಸೇರುವ ಟ್ಯಾಂಕ್. ಮೂರನೆಯದು ಕಕ್ಕಸಿನದು. ಸಣ್ಣ ಗಾಡಿಗಳಲ್ಲಿ ಈ ಮೂರನೆಯದು ಸೂಟ್‌ಕೇಸಿನ ಹಾಗೆ ಹೊರಗೆಳೆಯುವ ಪೆಟ್ಟಿಗೆ. ಸುಮಾರು 15ರಿಂದ 20 ಲೀಟರ್ ಹಿಡಿಯುತ್ತದೆ. ಇಬ್ಬರು ಬಳಸಿದರೆ ಎರಡು ಮೂರು ದಿನಕ್ಕೆ ತುಂಬುತ್ತದೆ. ಬೆಂಗಳೂರಿನಿಂದ ಹೊರಟು, ಘಾಟಿಯಲ್ಲಿ ಒಂದು ರಾತ್ರಿ ತಂಗಿ, ಕಡಲು ನೋಡಲು ಇಳಿದವರ ಪೆಟ್ಟಿಗೆ ತುಂಬುವುದು ಎಲ್ಲಿಗೆ ಬಂದಾಗ ಎಂದು ನೀವೇ ಲೆಕ್ಕ ಹಾಕಿ.

ವಾಸನೆ ಬಾರದಿರಲಿ ಎಂದು ಆ ಪೆಟ್ಟಿಗೆಗೆ ನೀಲಿ ಬಣ್ಣದ ಒಂದು ದ್ರವ ಹಾಕುತ್ತಾರೆ. ಅಂಥ ದ್ರವಗಳಲ್ಲಿ ಹಲವಕ್ಕೆ ಫಾರ್ಮಾಲ್ಡಿಹೈಡ್ ಸೇರಿರುತ್ತದೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಸ್ತು. ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಆ ಸೂಕ್ಷ್ಮಜೀವಿಗಳಿಂದ. ಆದ್ದರಿಂದ ಯಾರಾದರೂ ಪುಣ್ಯಾತ್ಮರು, ಬನ್ನಿ, ನಮ್ಮ ಮನೆಯ ಗುಂಡಿಗೇ ಸುರಿಯಿರಿ ಎಂದು ಕರೆದರೂ ಕೆಡುವುದು ಆ ಮನೆಯ ಗುಂಡಿಯೇ. ಇನ್ನು ಗಾಳಿಮರದ ತೋಪಿನ ಮರಳಿಗೆ ಸುರಿದರೆ? ಕಡಲ ಬದಿಯ ನಮ್ಮ ಬಾವಿಗಳು ಆಳದವಲ್ಲ. ಮರಳಿನಲ್ಲಿ ಕೆಲವೇ ಅಡಿ ತೋಡಿದರೆ ನೀರು ಸಿಗುತ್ತದೆ. ಮೇಲೆ ಸುರಿದದ್ದು ಕೆಳಗಿಳಿಯಲು ಅಷ್ಟೇ ದೂರ.

ಕ್ಯಾರವಾನಿನವರೆಲ್ಲ ಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ಕಸವನ್ನು ಚೀಲ ಕಟ್ಟಿ ವಾಪಸ್ ಒಯ್ಯುವವರನ್ನೂ ನಾವು ನೋಡಿದ್ದೇವೆ. ಆದರೆ ಒಳ್ಳೆಯವರಾದರೂ ಅವರು ಏನು ಮಾಡಬೇಕು? ಮರವಂತೆಯಿಂದ ಗೋಕರ್ಣದವರೆಗೆ ಹೆದ್ದಾರಿ 66ರಲ್ಲಿ ಹೋಗಿ ನೋಡಿ. ಚಹಾ ಸಿಗುತ್ತದೆ, ಡೀಸೆಲ್ ಸಿಗುತ್ತದೆ, ಎಳನೀರು ಸಿಗುತ್ತದೆ. ಇಲ್ಲಿ ನಿಮ್ಮ ಟ್ಯಾಂಕ್ ಖಾಲಿ ಮಾಡಿ ಎಂಬ ಬೋರ್ಡು ನಮ್ಮ ಕಣ್ಣಿಗೆ ಒಂದೂ ಬಿದ್ದಿಲ್ಲ. ಬನ್ನಿ ಬನ್ನಿ ಎಂದು ಕರೆದ ಸರಕಾರ ಬಂದವರಿಗೆ ಬಚ್ಚಲು ತೋರಿಸಲಿಲ್ಲ.

ಕರೆದದ್ದು ಹೌದೇ ಹೌದು. ನಮ್ಮ ರಾಜ್ಯದ 2020ರ ಪ್ರವಾಸೋದ್ಯಮ ನೀತಿಯಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿದ್ದಾರೆ. ಪಕ್ಕದ ಕೇರಳ 2021ರಲ್ಲಿ ಅದಕ್ಕೆಂದೇ ಬೇರೆ ಯೋಜನೆ ಮಾಡಿತು. ಹೋಟೆಲ್ ಕಟ್ಟಲು ಆಗದ ಸೂಕ್ಷ್ಮ ಜಾಗಗಳಿಗೂ ಪ್ರವಾಸಿಗರನ್ನು ಕರೆದೊಯ್ಯಬಹುದು, ಕಟ್ಟಡವೇ ಬೇಡ ಎನ್ನುವುದು ಇಂಥ ನೀತಿಗಳ ಹಿಂದಿನ ಲೆಕ್ಕ. ಕೇಳಲು ಚೆಂದ. ಆದರೆ ಹೋಟೆಲ್ ಕಟ್ಟಿದವನಾದರೆ ಲೈಸೆನ್ಸ್ ತೆಗೆಯಬೇಕು, ತ್ಯಾಜ್ಯಕ್ಕೆ ಗುಂಡಿ ತೋಡಬೇಕು, ಪಂಚಾಯ್ತಿಗೆ ತೆರಿಗೆ ಕಟ್ಟಬೇಕು. ನೀರು ಕೆಟ್ಟರೆ ಊರಿನವರು ಹೋಗಿ ಅವನ ಬಾಗಿಲು ಬಡಿಯಬಹುದು. ಚಕ್ರದ ಮೇಲಿನ ಕೋಣೆಗೆ ಯಾವ ಬಾಗಿಲು ಬಡಿಯುವುದು? ಬೆಳಿಗ್ಗೆ ಆರಕ್ಕೆ ಅದು ಹೊನ್ನಾವರ ದಾಟಿರುತ್ತದೆ.

ದುಡ್ಡು ಬರುತ್ತದಲ್ಲ ಎಂದು ನಮ್ಮ ಊರಿನ ಹುಡುಗರೇ ಕೇಳುತ್ತಾರೆ. ಕೇಳಬೇಕಾದ ಮಾತೇ. ಕೆಲಸವಿಲ್ಲದ ಊರಿನಲ್ಲಿ ಆಸೆ ಹುಟ್ಟುವುದು ತಪ್ಪಲ್ಲ. ಆದರೆ ಲೆಕ್ಕ ನೋಡಿ. ಡಿಸೆಂಬರ್‌ನಲ್ಲಿ ಬಯಲುಸೀಮೆಯ ಶಾಲೆಯಿಂದ ಒಂದು ಬಸ್ ಪ್ರವಾಸ ಬರುತ್ತದೆ. ಮಕ್ಕಳು ಚುರುಮುರಿ ತಿನ್ನುತ್ತಾರೆ, ಶಂಖದ ಸರ ಕೊಳ್ಳುತ್ತಾರೆ, ಮೇಷ್ಟ್ರು ಎಲ್ಲರಿಗೂ ಊಟ ಹೇಳುತ್ತಾರೆ. ಆ ಬಸ್ಸಿನಿಂದ ಹತ್ತು ಅಂಗಡಿಗೆ ಚಿಲ್ಲರೆ ಹರಿಯುತ್ತದೆ. ಕ್ಯಾರವಾನ್ ಎಂದರೆ ಮಲಗುವುದು, ಬೇಯಿಸುವುದು, ತಿನ್ನುವುದು ಎಲ್ಲ ಒಳಗೇ. ಅಕ್ಕಿ ಬೆಂಗಳೂರಿನದು, ತರಕಾರಿ ಬೆಂಗಳೂರಿನದು, ಬಾಡಿಗೆ ಹೋಗುವುದೂ ಬೆಂಗಳೂರಿನ ಕಂಪನಿಗೆ. ಹೆಚ್ಚೆಂದರೆ ಒಂದು ಕೆ.ಜಿ. ಬಂಗುಡೆ ಇಲ್ಲಿ ಕೊಳ್ಳುತ್ತಾರೆ, ಅದಕ್ಕೂ ಚೌಕಾಸಿ. ನೀರು ಮಾತ್ರ ನಮ್ಮದು.

ಆ ನೀರಿನ ಮಾತು ಹಗುರದ್ದಲ್ಲ. ಉಡುಪಿ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಹೊಡೆಯುತ್ತದೆ. ಆದರೂ ಏಪ್ರಿಲ್, ಮೇ ಬಂತೆಂದರೆ ಕಡಲ ಬದಿಯ ಬಾವಿಗಳಿಗೆ ಉಪ್ಪು ಹತ್ತುತ್ತದೆ, ಪಂಚಾಯ್ತಿ ಟ್ಯಾಂಕರಿಗೆ ಹೆಂಗಸರು ಕೊಡ ಸಾಲಿಡುತ್ತಾರೆ. ಪ್ರವಾಸದ ಸೀಸನ್ನೂ ಅದೇ ಬೇಸಿಗೆ ರಜೆ. ನೂರು ಲೀಟರಿನ ಟ್ಯಾಂಕ್ ತುಂಬಿಸಿಕೊಡಿ ಎಂದು ಗಾಡಿಯವರು ದೇವಸ್ಥಾನದ ನಲ್ಲಿಗೋ ಹೋಟೆಲಿನ ನಲ್ಲಿಗೋ ಪೈಪು ಹಚ್ಚಿದರೆ ಬೇಡ ಎನ್ನಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ. ಬಾಯಾರಿ ಬಂದವರಿಗೆ ಬೆಲ್ಲ ನೀರು ಕೊಟ್ಟು ರೂಢಿ. ಆ ರೂಢಿಯ ಮೇಲೆ ಯಾರೋ ವ್ಯಾಪಾರ ಕಟ್ಟುತ್ತಿದ್ದಾರೆ.

ಇನ್ನು ಜಾಗದ ವಿಷಯ. ನಮಗೆ ದೊಡ್ಡ ಭಯ ಇರುವುದು ಇಲ್ಲಿ. ರಸ್ತೆ ಬದಿ ನಿಲ್ಲುವ ಒಂದೆರಡು ಗಾಡಿ ಬೇರೆ, ಕ್ಯಾರವಾನ್ ಪಾರ್ಕ್ ಬೇರೆ. ಪಾರ್ಕಿಗೆ ಬೇಕಾದದ್ದು ಕಡಲು ಕಾಣುವ, ಸಮತಟ್ಟಾದ, ರಸ್ತೆಗೆ ತಾಗಿದ, ಯಾರ ಮನೆಯೂ ಇಲ್ಲದ ಜಾಗ. ಕಾಗದದಲ್ಲಿ ನೋಡುವ ಅಧಿಕಾರಿಗೆ ಅದು ಖಾಲಿ ಜಾಗ. ಕರಾವಳಿಯವರಿಗೆ ಗೊತ್ತು, ಅದು ಖಾಲಿಯಲ್ಲ. ಅಲ್ಲಿ ಮೀನು ಒಣಗುತ್ತದೆ. ಬಲೆ ಹರವಿ ನೇಯುತ್ತಾರೆ. ನಾಡದೋಣಿ ಎಳೆದು ಮಲಗಿಸುತ್ತಾರೆ. ಕೈರಂಪಣಿ ಎಳೆಯಲು ಹತ್ತಿಪ್ಪತ್ತು ಜನ ಹಗ್ಗ ಹಿಡಿದು ಹಿಂದೆ ಹಿಂದೆ ಸರಿಯುವುದೂ ಅಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಸಣ್ಣ ದೋಣಿಯವರ ಹೊಟ್ಟೆ ತುಂಬುವುದು ಇದೇ ದಂಡೆಯಿಂದ. ಪಹಣಿಯಲ್ಲಿ ಅವರ ಹೆಸರಿಲ್ಲ ಅಷ್ಟೆ.

ಕಾನೂನು ಇಲ್ಲವೇ ಎಂದರೆ ಇದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. 2011ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಅದನ್ನು ಬದಲಿಸಿದರು. ಒಮ್ಮೊಮ್ಮೆ ಬದಲಿಸಿದಾಗಲೂ ಗಂಟು ಸ್ವಲ್ಪ ಸಡಿಲ. 2019ರ ಅಧಿಸೂಚನೆಯಲ್ಲಿ ಜನವಸತಿ ದಟ್ಟವಾಗಿರುವ ಹಳ್ಳಿಗಳ ಕಡೆ ಕಟ್ಟಡ ನಿಷೇಧದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಬೀಚುಗಳಲ್ಲಿ ಪ್ರವಾಸಿಗರಿಗೆ ತಾತ್ಕಾಲಿಕ ಸೌಕರ್ಯಗಳಿಗೂ ದಾರಿ ಮಾಡಿಕೊಟ್ಟರು. ಮೀನುಗಾರನ ಮನೆಗೆ ಶೀಟು ಬದಲಿಸಲು ಸಿಆರ್‌ಝಡ್ ಎಂದು ಹೆದರಿಸುತ್ತಾರೆ, ತಾತ್ಕಾಲಿಕ ಎಂಬ ಒಂದು ಪದ ಸೇರಿಸಿದರೆ ಅದೇ ಮರಳಿನ ಮೇಲೆ ಬಾರು ಬರುತ್ತದೆ. ಚಕ್ರ ಇರುವ ಕೋಣೆಗಿಂತ ತಾತ್ಕಾಲಿಕ ಯಾವುದಿದೆ?

ಹೊನ್ನಾವರದ ಕಾಸರಕೋಡನ್ನು ನೋಡಿ. 2020ರಲ್ಲಿ ಅಲ್ಲಿಯ ಬೀಚಿಗೂ ನಮ್ಮ ಪಡುಬಿದ್ರಿಗೂ ನೀಲಿ ಬಾವುಟದ ಮಾನ್ಯತೆ ಸಿಕ್ಕಿತು. ಸಂತೋಷ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಹೋರಾಡಿದರು, ಲಾಠಿಯನ್ನೂ ಕಂಡರು. ಒಂದೇ ಊರು. ಪ್ರವಾಸಿಗನ ಕಾಲಿಗೆ ಕಸ ತಾಗಬಾರದು ಎಂಬ ಕಾಳಜಿ ಇರುವಲ್ಲಿ, ಮೀನು ಒಣಗಿಸುವವಳ ಕಾಲಿನ ಕೆಳಗಿನ ಮರಳು ಯಾರದು ಎಂಬ ಪ್ರಶ್ನೆಗೆ ಉತ್ತರ ಇಲ್ಲ.

ಕಾಲಿನ ಮಾತು ಬಂದದ್ದರಿಂದ ಹೇಳುತ್ತೇವೆ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬೆಳಗಿನ ಜಾವ ಮೀನು ಹಿಡಿಸಿಕೊಂಡು ಬುಟ್ಟಿ ಹೊತ್ತು ಹೊರಟ ಹೆಂಗಸು ಮಧ್ಯಾಹ್ನದವರೆಗೆ ರಸ್ತೆಯಲ್ಲಿರುತ್ತಾಳೆ. ಬಸ್ಸಿನವರು ಬುಟ್ಟಿ ನೋಡಿ ಮುಖ ಸಿಂಡರಿಸುತ್ತಾರೆ. ಮನೆ ಮನೆ ತಿರುಗುವಾಗ, ಹೆದ್ದಾರಿ ಬದಿ ಕೂರುವಾಗ ಅವಳಿಗೆ ಒಂದು ಕಕ್ಕಸು ಇಲ್ಲ. ಅದಕ್ಕೇ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾಳೆ. ಉರಿಮೂತ್ರ ಎಂದು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರನ್ನು ಕೇಳಿ ನೋಡಿ. ಕಕ್ಕಸನ್ನು ಗಾಡಿಯಲ್ಲೇ ಹೊತ್ತು ತಂದವರಿಗಾಗಿ ಪಾರ್ಕು, ಇಡೀ ಜೀವನ ರಸ್ತೆಯಲ್ಲೇ ಕಳೆದವಳಿಗೆ ಗೋಡೆಯ ಮರೆಯೂ ಇಲ್ಲ.

ಲಾರಿ ಡ್ರೈವರುಗಳದ್ದೂ ಇದೇ ಕತೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬೇಕು. ಅದೇ ಹೆದ್ದಾರಿ 66. ಗುಡ್ಡ ಕಡಿದು ಅಗಲ ಮಾಡಿದ ರಸ್ತೆ, ಬುಡದಲ್ಲಿ ಒಂದು ಚಹಾದಂಗಡಿ, ಪಕ್ಕದಲ್ಲಿ ನಿಂತ ವಾಹನಗಳು. ಅಂಗಡಿಯ ಕುಟುಂಬವೂ ವಾಹನಗಳೂ ಗಂಗಾವಳಿ ನದಿಗೆ ಹೋದವು. ಒಂದು ಲಾರಿ ಮೇಲೆ ಬರಲು ಸೆಪ್ಟೆಂಬರ್ ಆಯಿತು. ದೂರದ ಡ್ರೈವರ್ ಮುಖ ತೊಳೆಯಲು, ಚಹಾ ಕುಡಿಯಲು, ಒಂದು ಗಂಟೆ ಕಣ್ಣು ಮುಚ್ಚಲು ಗುಡ್ಡದ ಬುಡದಲ್ಲೇ ನಿಲ್ಲಬೇಕಾದ ಹೆದ್ದಾರಿ ಇದು. ಅದೇ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆಗಲೂ ನೀರಿಗೆ ಬಿದ್ದದ್ದು ಲಾರಿಯೇ, ಪುಣ್ಯಕ್ಕೆ ಡ್ರೈವರ್ ಬದುಕಿದ. ಹೀಗಿರುವ ರಸ್ತೆಯನ್ನು ದೇಶದ ಅತಿ ಸುಂದರ ಡ್ರೈವ್ ಎಂದು ಮಾರುವವರಿಗೆ ನಾಚಿಕೆ ಆಗಬೇಕಿತ್ತು.

ಇಲ್ಲಿ ಇನ್ನೊಂದನ್ನು ಬಿಡುವಂತಿಲ್ಲ. ಬಾಡಿಗೆ ಕ್ಯಾರವಾನ್‌ಗೂ ಒಬ್ಬ ಡ್ರೈವರ್ ಇರುತ್ತಾನೆ. ಒಳಗಿನ ಹಾಸಿಗೆ ಬಾಡಿಗೆ ಕೊಟ್ಟವರದು. ಅವನು ಮುಂದಿನ ಸೀಟಿನಲ್ಲಿ ಮಡಚಿಕೊಂಡು ಮಲಗುತ್ತಾನೆ, ಬೆಳಿಗ್ಗೆ ಚೊಂಬು ಕೇಳಿಕೊಂಡು ಬರುತ್ತಾನೆ. ತುಂಬಿದ ಪೆಟ್ಟಿಗೆಯನ್ನು ಎಳೆದು ಒಯ್ಯುವ ಕೆಲಸ ಯಾರದು ಎಂದು ಬಾಡಿಗೆ ಕರಾರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಎಂದು 2013ರ ಕಾಯ್ದೆ ಹೇಳುತ್ತದೆ. ಬೀಚಿನ ಮೂಲೆಯಲ್ಲಿ ಬಿಟ್ಟುಹೋದದ್ದನ್ನು ಮಾರನೆಯ ದಿನ ಎತ್ತುವವರು ಪಂಚಾಯ್ತಿಯ ಸ್ವಚ್ಛತಾ ಕೆಲಸದವರು, ಹೆಚ್ಚಾಗಿ ಹೆಂಗಸರು. ಅವರ ಜಾತಿ ಯಾವುದೆಂದು ಹೇಳಬೇಕಾಗಿಲ್ಲ.

ಹಾಗಾದರೆ ಕ್ಯಾರವಾನ್ ಬೇಡವೇ? ಬರಲಿ. ಆದರೆ ನಮ್ಮ ಷರತ್ತಿನ ಮೇಲೆ ಬರಲಿ. ಫ್ರಾನ್ಸಿನಲ್ಲಿ ಸಣ್ಣ ಸಣ್ಣ ಊರಿನ ಆಡಳಿತಗಳೇ ಇಂಥ ಗಾಡಿಗಳಿಗೆ ಜಾಗ ಗುರುತಿಸಿ, ನೀರಿಗೆ ನಲ್ಲಿ, ತ್ಯಾಜ್ಯಕ್ಕೆ ಕಿಂಡಿ ಇಟ್ಟಿವೆ, ಹಲವು ಕಡೆ ರಾತ್ರಿಗೆ ಇಷ್ಟು ಎಂದು ಹಣವನ್ನೂ ವಸೂಲು ಮಾಡುತ್ತವೆ. ಪೋರ್ಚುಗಲ್ ತನ್ನ ಕಡಲ ದಂಡೆಯಲ್ಲಿ ಕಂಡಕಂಡಲ್ಲಿ ರಾತ್ರಿ ತಂಗುವುದಕ್ಕೆ 2021ರಲ್ಲಿ ಕಡಿವಾಣ ಹಾಕಿತು. ಅಷ್ಟು ದೂರವೂ ಹೋಗಬೇಕಿಲ್ಲ. ಸೆಪ್ಟಿಕ್ ಟ್ಯಾಂಕಿನ ಮಲವನ್ನು ಶುದ್ಧ ಮಾಡಿ ಗೊಬ್ಬರ ಮಾಡುವ ಘಟಕ ನಮ್ಮದೇ ದೇವನಹಳ್ಳಿಯಲ್ಲಿ 2015ರಿಂದ ಇದೆ. ಕರಾವಳಿಯ ತಾಲ್ಲೂಕಿಗೊಂದು ಅಂಥದ್ದು ಬೇಕಾದದ್ದು ಕ್ಯಾರವಾನಿಗಿಂತ ಮೊದಲು ನಮಗೇ. ರೆಸಾರ್ಟುಗಳ, ಹೋಂಸ್ಟೇಗಳ ಗುಂಡಿ ಎಳೆಯುವ ಟ್ಯಾಂಕರುಗಳು ರಾತ್ರಿ ಎಲ್ಲಿಗೆ ಹೋಗುತ್ತವೆ ಎಂದು ಹೊಳೆ ಬದಿಯವರನ್ನು ಕೇಳಿ.

ಪಾರ್ಕ್ ಬೇಕೇ ಬೇಕು ಎನ್ನುವವರಿಗೆ ನಮ್ಮ ಮಾತು ಇಷ್ಟು. ಕಡಲ ದಂಡೆ ಬಿಡಿ. ಹೆದ್ದಾರಿಯಿಂದ ಒಳಗೆ, ತೆಂಗಿನ ತೋಟದ ಅಂಗಳ ಇರುವ ಮನೆಗಳಿವೆ. ಎರಡು ಗಾಡಿ ನಿಲ್ಲಿಸಲು ಅವರಿಗೆ ಲೈಸೆನ್ಸ್ ಕೊಡಿ. ರಾತ್ರಿಯ ಬಾಡಿಗೆ ಆ ಮನೆಗೆ, ಅದರಲ್ಲಿ ಪಾಲು ಪಂಚಾಯ್ತಿಗೆ. ಬೆಳಿಗ್ಗೆ ನೀರ್‌ದೋಸೆ, ಮಧ್ಯಾಹ್ನ ಮೀನು ಸಾರು ಆ ಮನೆಯಿಂದಲೇ ಕೊಳ್ಳಲಿ. ಬೀಚ್ ಬದಿ ಕಟ್ಟುವ ಮೊದಲ ಶೌಚಾಲಯ ಮೀನು ಮಾರುವವರ ಸಾಲಿನ ಪಕ್ಕದಲ್ಲಿರಲಿ, ಅದರ ಬೀಗದ ಕೈ ಮೀನು ಮಾರುವವರ ಸಂಘದ ಕೈಯಲ್ಲಿರಲಿ.

ಪಂಚಾಯ್ತಿಗೆ ಅಧಿಕಾರ ಇಲ್ಲ ಎಂದು ಪಿಡಿಒ ಹೇಳಿದರೆ ಸುಮ್ಮನಾಗಬೇಡಿ. ಸಂತೆಗೆ, ಬಸ್ ನಿಲ್ದಾಣಕ್ಕೆ, ಜಾತ್ರೆಗೆ ಬರುವ ಯಾತ್ರಿಕರಿಗೆ ಶುಲ್ಕ ಹಾಕಲು 1993ರ ಪಂಚಾಯತ್ ರಾಜ್ ಕಾಯ್ದೆ ಅವಕಾಶ ಕೊಟ್ಟಿದೆ. ರಾತ್ರಿ ತಂಗುವ ಗಾಡಿಗೆ ದಾರಿ ಹುಡುಕುವುದು ಅಸಾಧ್ಯವೇನಲ್ಲ, ಹುಡುಕುವ ಮನಸ್ಸು ಬೇಕು.

ಆರು ತಿಂಗಳಿಗೊಮ್ಮೆ ಗ್ರಾಮಸಭೆ ಕರೆಯಲೇಬೇಕು. ಮುಂದಿನ ಸಭೆಗೆ ಹೋದಾಗ ಕೇಳಿ: ನಮ್ಮ ಊರಿನ ಯಾವ ಸರ್ವೆ ನಂಬರನ್ನು ಪ್ರವಾಸೋದ್ಯಮ ಇಲಾಖೆಗೆ ಕೊಡಲು ಕಾಗದ ಹೋಗಿದೆ? ಆ ಜಾಗದಲ್ಲಿ ಈಗ ಯಾರು ಮೀನು ಒಣಗಿಸುತ್ತಿದ್ದಾರೆ? ಬರುವ ಗಾಡಿಗಳ ಟ್ಯಾಂಕ್ ಎಲ್ಲಿ ಖಾಲಿಯಾಗುತ್ತದೆ? ಉತ್ತರ ಬಾಯಿಮಾತಿನಲ್ಲಿ ಕೊಟ್ಟರೆ ಒಪ್ಪಬೇಡಿ, ನಡವಳಿ ಪುಸ್ತಕದಲ್ಲಿ ಬರೆಸಿ. ಆ ಪುಟದ ಫೋಟೋ ತೆಗೆದು ನಮಗೆ ಕಳಿಸಿ.