ಕಾರ್ಡ್ ಕಳೆಯಿತೆಂದು ಕಂದನನ್ನು ಕೈಬಿಡಬೇಕೆ?

ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಬಂಗಾರಪೇಟೆಯಿಂದ ದಿನಾ ಬೆಂಗಳೂರಿನ ರೈಲು ಹತ್ತುವ ತರುಣರೇ, ನಿಮ್ಮ ಮಗುವಿನ ತಾಯಿ ಕಾರ್ಡ್ ಈಗ ಎಲ್ಲಿದೆ? ಬೀರುವಿನಲ್ಲೋ? ಹೆಂಡತಿಯ ತವರಿನ ಟ್ರಂಕಿನಲ್ಲೋ? ಬಾಡಿಗೆ ಮನೆ ಬದಲಿಸುವಾಗ ರದ್ದಿ ಪೇಪರಿನ ಜೊತೆ ಹೋಯಿತೋ? ಥಟ್ಟನೆ ಉತ್ತರ ಹೇಳುವವರು ಕಡಿಮೆ.

ಕಾಗದ ಕಳೆಯುವುದು ಯಾರ ಮನೆಯಲ್ಲೂ ನಡೆಯುವ ಸಂಗತಿ. ಅದಕ್ಕೆ ತಾಯಿಯನ್ನು ನಾಲ್ಕು ಜನರ ಮುಂದೆ ಬೈದು, "ಕಾರ್ಡ್ ತಂದರೆ ನೋಡೋಣ" ಎಂದು ವಾಪಸು ಕಳಿಸುವುದು ಯಾವ ನ್ಯಾಯ ಸ್ವಾಮಿ? ಬೈಸಿಕೊಂಡ ತಾಯಿ ಮತ್ತೆ ಬರುವುದಿಲ್ಲ. ಹಿಂದಿನ ದಾಖಲೆಯ ಜೊತೆಗೆ ಮುಂದಿನ ಸೂಜಿಯೂ ತಪ್ಪುತ್ತದೆ.

ನಮ್ಮ ಸೀಮೆಯಲ್ಲಿ ಈ ತೊಂದರೆ ಹೆಚ್ಚಾಗಲು ಕಾರಣವಿದೆ. ಗಣಿ ನಡೆಯುತ್ತಿದ್ದಾಗ ಕಾರ್ಮಿಕರ ಕುಟುಂಬಗಳಿಗೆ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಗೂ ಬೀಗ ಬಿತ್ತು. ಇಪ್ಪತ್ತು ವರ್ಷ ಧೂಳು ತಿಂದ ಆ ಕಟ್ಟಡವನ್ನು 2021ರಲ್ಲಿ ಕೋವಿಡ್ ಬಂದಾಗ ಊರಿನ ಜನರೇ ಗುಡಿಸಿ ತೊಳೆದು ಸಜ್ಜು ಮಾಡಿದರು. ಕಟ್ಟಡವನ್ನು ತೊಳೆಯಬಹುದು, ಹೋದ ಕಾಗದ ಬರುವುದಿಲ್ಲವಲ್ಲ!

ಇನ್ನು ಗಡಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ಕುಪ್ಪಂಗೋ, ಕೃಷ್ಣಗಿರಿಗೋ, ಆಂಬೂರಿಗೋ ತವರಿಗೆ ಹೋಗುತ್ತಾಳೆ. ಮೊದಲ ಸೂಜಿಗಳು ಅಲ್ಲೇ ಆಗುತ್ತವೆ. ಕಾರ್ಡ್ ತೆಲುಗಿನಲ್ಲೋ ತಮಿಳಿನಲ್ಲೋ ಇರುತ್ತದೆ, ಲೆಕ್ಕ ಆ ರಾಜ್ಯದ ಪುಸ್ತಕಕ್ಕೆ ಸೇರುತ್ತದೆ. ಐದು ತಿಂಗಳ ಕೂಸಿನೊಂದಿಗೆ ಬಂಗಾರಪೇಟೆಗೆ ಬಂದಿಳಿದರೆ ನಮ್ಮ ನರ್ಸಮ್ಮನ ರಿಜಿಸ್ಟರಿನಲ್ಲಿ ಆ ಮಗು ಹುಟ್ಟೇ ಇಲ್ಲ!

ಇದರ ಅಪಾಯ ದೊಡ್ಡದು. ಕೋಲಾರ ಜಿಲ್ಲೆ 1970ರ ದಶಕದ ಕೊನೆಯಲ್ಲಿ ಮೆದುಳು ಜ್ವರದ ಹಾವಳಿ ಕಂಡ ಜಿಲ್ಲೆ. ಆ ಲಸಿಕೆಯನ್ನು ದೇಶದ ಎಲ್ಲ ಜಿಲ್ಲೆಗಳಲ್ಲೂ ಕೊಡುವುದಿಲ್ಲ, ರೋಗವಿರುವ ಜಿಲ್ಲೆಗಳಲ್ಲಿ ಮಾತ್ರ ಕೊಡುತ್ತಾರೆ. ಬೇರೆ ಊರಿನಿಂದ ಬಂದ ಮಗುವಿಗೆ "ಎಲ್ಲಾ ಹಾಕಿಸಿದೀವಿ" ಎಂದು ಅಜ್ಜಿ ಹೇಳುವುದು ಸುಳ್ಳಲ್ಲ. ಆದರೆ ಆ "ಎಲ್ಲಾ"ದಲ್ಲಿ ಇದು ಸೇರಿತ್ತೋ ಇಲ್ಲವೋ, ಯಾರು ಬಲ್ಲರು?

ನಾನು ಪ್ರೆಸ್ಸಿನವನು. ಶಾಲೆ ಶುರುವಾಗುವ ಕಾಲಕ್ಕೆ ಕೆಲವರು ನನ್ನ ಹತ್ತಿರ ಬರುತ್ತಾರೆ. "ಅಣ್ಣಾ, ಖಾಲಿ ಕಾರ್ಡ್ ಒಂದು ಅಚ್ಚು ಹಾಕಿಕೊಡಿ, ತಾರೀಖು ನಾವೇ ತುಂಬ್ಕೋತೀವಿ." ಅಂಥವರನ್ನು ಚಹಾ ಕುಡಿಸಿ ವಾಪಸು ಕಳಿಸುತ್ತೇನೆ. ಅಚ್ಚು ಹಾಕುವುದು ಹತ್ತು ನಿಮಿಷದ ಕೆಲಸ. ಆದರೆ ಆ ಸುಳ್ಳು ತಾರೀಖನ್ನು ನಾಳೆ ಡಾಕ್ಟರು ನಂಬುತ್ತಾರೆ, ಹಾಕಬೇಕಾದ ಸೂಜಿ ಹಾಕುವುದಿಲ್ಲ. ದಡಾರ ಬಂದಾಗ ಮಗುವನ್ನು ನನ್ನ ಶಾಯಿ ಕಾಯುತ್ತದೆಯೇ?

ಹಾಗಾದರೆ ಮಾಡಬೇಕಾದ್ದೇನು? ಮೊದಲು ಹುಡುಕಿ. ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಹುಟ್ಟಿದಾಗ ಕೊಟ್ಟ ಬಿಸಿಜಿ, ಪೋಲಿಯೋ, ಹೆಪಟೈಟಿಸ್ ಬಿ ಬರೆದಿರಬಹುದು. ಆಶಾ ಕಾರ್ಯಕರ್ತೆ, ಅಂಗನವಾಡಿ, ಉಪಕೇಂದ್ರದ ರಿಜಿಸ್ಟರ್ ವಿಚಾರಿಸಿ. ಗರ್ಭಿಣಿಯಾಗಿದ್ದಾಗ ಕೊಟ್ಟ ಆರ್‌ಸಿಎಚ್ ನಂಬರು, ಆಗಿನ ಮೊಬೈಲ್ ನಂಬರು ಇದ್ದರೆ ಕೆಲಸ ಸಲೀಸು. ಅರ್ಧ ದಾಖಲೆ ಸಿಕ್ಕರೂ ಸಾಕು, ನಿಂತಲ್ಲಿಂದ ಮುಂದುವರಿಸಬಹುದು.

ಏನೂ ಸಿಗಲಿಲ್ಲವೇ? ಬರಹದ ದಾಖಲೆ ಇಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿದು ವಯಸ್ಸಿಗೆ ತಕ್ಕ ಲಸಿಕೆ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. "ಎರಡು ಸಲ ಹಾಕಿದರೆ ಮಗುವಿಗೆ ಏನಾದೀತೋ" ಎಂಬ ಭಯ ಬೇಡ. 1995ರಿಂದ ಪಲ್ಸ್ ಪೋಲಿಯೋದಲ್ಲಿ ಮಾಡಿದ್ದೇನು? ಹಿಂದೆ ಹಾಕಿಸಿದವರಿಗೂ ಮತ್ತೆ ಹನಿ ಹಾಕಿದರು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಸೂಜಿ ಹಾಕಿದಾಗಲೂ ಹಳೆಯ ಕಾರ್ಡ್ ಕೇಳಲಿಲ್ಲ. ಡಿಪಿಟಿ ಹೆಚ್ಚಾದರೆ ತೋಳು ಊದಿ ನೋಯಬಹುದು. ಅದಕ್ಕೇ ಯಾವುದು, ಎಷ್ಟು ಎಂದು ಡಾಕ್ಟರು ತೀರ್ಮಾನಿಸಲಿ. ತಡವಂತೂ ಬೇಡ. ಸರ್ಕಾರದ ಪಟ್ಟಿಯಲ್ಲಿ ಬಿಸಿಜಿಗೆ ಒಂದು ವರ್ಷ, ಡಿಪಿಟಿಗೆ ಏಳು ವರ್ಷದ ಮಿತಿ ಇದೆ.

2021ರಲ್ಲಿ ದೊಡ್ಡವರಿಗೆ ಕೋವಿಡ್ ಸೂಜಿ ಬಿದ್ದ ಕೂಡಲೇ ಕೋವಿನ್‌ನಲ್ಲಿ ಫೋಟೋ ಸಮೇತ ಸರ್ಟಿಫಿಕೇಟು ಬಂತು. ಮಕ್ಕಳಿಗಾಗಿ ಅದೇ ಮಾದರಿಯ ಯು-ವಿನ್ ಪ್ರಯೋಗ ಶುರುವಾಗಲು 2023 ಆಗಬೇಕಾಯಿತು! ಅದಕ್ಕೂ ಮುಂಚೆ ಹುಟ್ಟಿದ ಮಕ್ಕಳ ಗತಿ ಇನ್ನೂ ಹಾಳೆಯ ಮೇಲೆಯೇ.

ಆದ್ದರಿಂದ ನಮ್ಮ ಒತ್ತಾಯ ಮೂರು. ಕಾರ್ಡ್ ಇಲ್ಲದ ಮಗುವನ್ನು ಯಾವ ಆರೋಗ್ಯ ಕೇಂದ್ರವೂ ವಾಪಸು ಕಳಿಸಬಾರದು, ಅಂದೇ ಹೊಸ ಕಾರ್ಡ್ ಬರೆದುಕೊಡಬೇಕು. ಗಡಿ ತಾಲ್ಲೂಕುಗಳಲ್ಲಿ ಪಕ್ಕದ ರಾಜ್ಯದ ದಾಖಲೆಯನ್ನು ತರಿಸಿ ನಮ್ಮ ಪುಸ್ತಕಕ್ಕೆ ಕನ್ನಡದಲ್ಲಿ ಏರಿಸುವ ಹೊಣೆ ಇಲಾಖೆಯದಾಗಬೇಕು, ಕೂಸನ್ನೆತ್ತಿಕೊಂಡ ತಾಯಿಯದಲ್ಲ. ಖಾಸಗಿ ಆಸ್ಪತ್ರೆಗಳು ಇಂಗ್ಲಿಷಿನಲ್ಲಿ ಕಂಪನಿ ಹೆಸರು ಗೀಚಿ ಕೊಡುವುದನ್ನು ಬಿಟ್ಟು, ಯಾವ ರೋಗದ ಲಸಿಕೆ, ಎಷ್ಟನೇ ಸಲ, ಮುಂದಿನದು ಯಾವಾಗ ಎಂದು ಕನ್ನಡದಲ್ಲಿ ಬರೆಯಬೇಕು. ಓದಲು ಬಂದ ಕಾಗದವನ್ನು ಜನ ಜೋಪಾನ ಮಾಡುತ್ತಾರೆ.

ಶಾಲೆಗಳಿಗೂ ಒಂದು ಮಾತು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಲಸಿಕೆ ಕಾರ್ಡಿಗೂ ಅದೇ ನೀತಿ ಇರಲಿ. ಮೊದಲು ಸೇರಿಸಿಕೊಳ್ಳಿ, ಆಮೇಲೆ ಆರೋಗ್ಯ ಕೇಂದ್ರಕ್ಕೆ ಕಳಿಸಿ.

ಸಂಘದ ಗೆಳೆಯರೇ, ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ಕೈಗಳಿಗೆ ಈ ಕೆಲಸವೂ ಇರಲಿ. ನಿಮ್ಮ ಬೀದಿಯ ಮನೆಮನೆಗೆ ಹೋಗಿ. ಕಾರ್ಡ್ ಇದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ತಂದೆ ತಾಯಿ ಇಬ್ಬರಿಗೂ ಕಳಿಸಿ. ಇಲ್ಲದ ಮಕ್ಕಳ ಪಟ್ಟಿ ಮಾಡಿ ನರ್ಸಮ್ಮನ ಕೈಗೆ ಕೊಡಿ, ತಾಯಂದಿರ ಜೊತೆ ನೀವೂ ಸಾಲಿನಲ್ಲಿ ನಿಲ್ಲಿ. ಆ ತಾಯಿ ತಮಿಳೋ ತೆಲುಗೋ ಉರ್ದುವೋ ಆಡಲಿ, ಮಗು ಈ ನೆಲದ್ದು.